ಕಾವಲು ನಾಯಿಯೂ ತರಬೇತಿಯ ಮೌಲ್ಯವೂ: ವಿಧೇಯತಾ ಶಿಕ್ಷಣ ಮತ್ತು ಶ್ವಾನ ಕ್ರೀಡೆಗಳ ಪರಿಚಯ

ಗೋದಾಮು, ಕಾರ್ಖಾನೆ, ಅಕ್ಕಿ ಗಿರಣಿ, ಮರದ ಡಿಪೋ ಮುಂತಾದ ಸ್ಥಳಗಳಲ್ಲಿ ಕಾವಲಿಗಾಗಿ ನಾಯಿ ಸಾಕುವುದು ವರ್ತಕ ವರ್ಗದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಇತ್ತೀಚಿನ ದಶಕಗಳಲ್ಲಿ ಬೀದಿಯ ಮರಿಯ ಸ್ಥಾನಕ್ಕೆ ಬೆಲೆಬಾಳುವ ಜಾತಿ ನಾಯಿ ಬಂದಿದೆ. ಯಂತ್ರವೊಂದನ್ನು ಕೊಳ್ಳುವಾಗ ಅದನ್ನು ನಡೆಸುವ ಕೆಲಸಗಾರನಿಗೆ ತರಬೇತಿ ಕೊಡಿಸುವ ಉದ್ಯಮಿ, ನಾಯಿಯನ್ನು ಕೊಂಡಾಗ ಮಾತ್ರ ಅದನ್ನು ಗೇಟಿನ ಪಕ್ಕದ ಸರಪಳಿಗೆ ಕಟ್ಟಿ ತನ್ನ ಕರ್ತವ್ಯ ಮುಗಿಯಿತೆಂದು ಭಾವಿಸುವುದು ಸಾಮಾನ್ಯ. ಇಂತಹ ನಾಯಿ ಹಗಲಿರುಳು ಬೊಗಳುತ್ತದೆ. ಎಲ್ಲರಿಗೂ ಬೊಗಳುವುದರಿಂದ ಅದರ ಬೊಗಳಿಕೆಗೆ ಅರ್ಥವಿಲ್ಲದಂತಾಗುತ್ತದೆ. ಕೊನೆಗೊಂದು ದಿನ ಸರಪಳಿ ಕಳಚಿದಾಗ ಅದು ಕಚ್ಚುವುದು ಕಳ್ಳನನ್ನಲ್ಲ, ಮೂಟೆ ಹೊತ್ತ ಹಮಾಲನನ್ನು ಅಥವಾ ಅಂಚೆಯವನನ್ನು.

ನಾಯಿಯ ತರಬೇತಿ ಎಂಬುದು ಶ್ರೀಮಂತರ ಹವ್ಯಾಸ ಮಾತ್ರವಲ್ಲ. ಅದಕ್ಕೆ ಒಂದು ಶಾಸ್ತ್ರವಿದೆ, ಅಳತೆಗೋಲು ಇದೆ, ಕಾನೂನಿನ ಸಂಬಂಧವಿದೆ, ಮತ್ತು ಅದರ ಸುತ್ತ ಬೆಳೆದ ಒಂದು ವ್ಯಾಪಾರವೂ ಇದೆ. ಈ ನಾಲ್ಕು ಅಂಶಗಳನ್ನು ವರ್ತಕರು ಹಾಗೂ ಸಣ್ಣ ತಯಾರಕರ ದೃಷ್ಟಿಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಬಿಸ್ಕತ್ತು ವ್ಯಾಪಾರದಿಂದ ಹುಟ್ಟಿದ ಪ್ರದರ್ಶನ

ಶ್ವಾನ ಪ್ರದರ್ಶನ ಮತ್ತು ಸ್ಪರ್ಧೆಗಳ ಇತಿಹಾಸದಲ್ಲಿ ವಾಣಿಜ್ಯಕ್ಕೆ ಮಹತ್ತ್ವದ ಪಾತ್ರವಿದೆ. ಅಮೆರಿಕದಿಂದ ಇಂಗ್ಲೆಂಡಿಗೆ ಬಂದ ಜೇಮ್ಸ್ ಸ್ಪ್ರಾಟ್ ಎಂಬ ಉದ್ಯಮಿ 1860ರ ದಶಕದಲ್ಲಿ ಲಂಡನ್ನಿನಲ್ಲಿ ನಾಯಿಗಳಿಗಾಗಿಯೇ ಬಿಸ್ಕತ್ತು ತಯಾರಿಸಿ ಮಾರಲಾರಂಭಿಸಿದನು. ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಒಣ ಬಿಸ್ಕತ್ತನ್ನು ನಾಯಿಗಳು ತಿನ್ನುತ್ತಿದ್ದುದನ್ನು ಕಂಡು ಅವನಿಗೆ ಈ ಆಲೋಚನೆ ಹೊಳೆಯಿತೆಂದು ಹೇಳಲಾಗುತ್ತದೆ. ಆ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ ಮಾರಾಟದಲ್ಲಿ ಪಳಗಿದ ಚಾರ್ಲ್ಸ್ ಕ್ರಫ್ಟ್ ಎಂಬಾತ ನಾಯಿ ಸಾಕುವವರನ್ನು ಒಂದೆಡೆ ಸೇರಿಸಿದರೆ ವ್ಯಾಪಾರ ಬೆಳೆಯುತ್ತದೆ ಎಂಬುದನ್ನು ಅರಿತನು. 1891ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿರುವ ರಾಯಲ್ ಅಗ್ರಿಕಲ್ಚರಲ್ ಹಾಲಿನಲ್ಲಿ ಅವನು ತನ್ನ ಹೆಸರಿನಲ್ಲಿಯೇ ಪ್ರದರ್ಶನ ನಡೆಸಿದನು. ಇಂದಿಗೂ ಜಗತ್ಪ್ರಸಿದ್ಧವಾಗಿರುವ ‘ಕ್ರಫ್ಟ್ಸ್’ ಪ್ರದರ್ಶನದ ಮೂಲ ಇದು. 1948ರಿಂದ ಅದನ್ನು ಇಂಗ್ಲೆಂಡಿನ ಕೆನೆಲ್ ಕ್ಲಬ್ ನಡೆಸುತ್ತಿದೆ.

ಆರಂಭದ ಪ್ರದರ್ಶನಗಳಲ್ಲಿ ನಾಯಿಯ ರೂಪಕ್ಕೆ ಮಾತ್ರ ಬೆಲೆ ಇತ್ತು. ನಾಯಿ ಎಷ್ಟು ಬುದ್ಧಿವಂತ, ಎಷ್ಟು ಮಾತು ಕೇಳುತ್ತದೆ ಎಂಬುದನ್ನು ಅಳೆಯುವ ಕ್ರಮ ಇರಲಿಲ್ಲ. ಅಮೆರಿಕದಲ್ಲಿ ಪೂಡ್ಲ್ ತಳಿಯ ನಾಯಿಗಳನ್ನು ಸಾಕುತ್ತಿದ್ದ ಹೆಲೆನ್ ವೈಟ್‌ಹೌಸ್ ವಾಕರ್ ಎಂಬ ಮಹಿಳೆ ತನ್ನ ನಾಯಿಗಳು ಕೇವಲ ಅಲಂಕಾರದ ವಸ್ತುಗಳೆಂಬ ಟೀಕೆಗೆ ಉತ್ತರವಾಗಿ 1933ರಲ್ಲಿ ನ್ಯೂಯಾರ್ಕ್ ರಾಜ್ಯದ ಮೌಂಟ್ ಕಿಸ್ಕೋದಲ್ಲಿ ವಿಧೇಯತಾ ಪರೀಕ್ಷೆಯೊಂದನ್ನು ಏರ್ಪಡಿಸಿದರು. ಅದರಲ್ಲಿ ಭಾಗವಹಿಸಿದ ನಾಯಿಗಳು ಕೇವಲ 8. ಮೂರೇ ವರ್ಷಗಳಲ್ಲಿ, ಅಂದರೆ 1936ರಲ್ಲಿ, ಅಮೆರಿಕನ್ ಕೆನೆಲ್ ಕ್ಲಬ್ ಈ ಪರೀಕ್ಷೆಗಳಿಗೆ ಅಧಿಕೃತ ಮಾನ್ಯತೆ ನೀಡಿತು. 1937ರಲ್ಲಿ ವಾಕರ್ ಅವರು ತಮ್ಮ ಸಹಾಯಕಿ ಬ್ಲಾಂಚ್ ಸಾಂಡರ್ಸ್ ಅವರೊಡನೆ ನಾಯಿಗಳನ್ನು ವಾಹನದಲ್ಲಿ ಏರಿಸಿಕೊಂಡು ದೇಶದ ಉದ್ದಗಲ ಸಂಚರಿಸಿ ಊರೂರಿನಲ್ಲಿ ಪ್ರಾತ್ಯಕ್ಷಿಕೆ ನೀಡಿದರು. ಮಾರುಕಟ್ಟೆ ಇಲ್ಲದ ಸರಕಿಗೆ ಮಾರುಕಟ್ಟೆ ಸೃಷ್ಟಿಸುವ ಈ ರೀತಿ ಯಾವುದೇ ವ್ಯಾಪಾರಸ್ಥನಿಗೆ ಪರಿಚಿತವೇ.

ವಿಧೇಯತೆಗೆ ಅಂಕಪಟ್ಟಿ

ಕಾರ್ಖಾನೆಯ ಉತ್ಪನ್ನಕ್ಕೆ ಗುಣಮಟ್ಟದ ಮುದ್ರೆ ಇರುವಂತೆ ತರಬೇತಿಗೂ ಒಂದು ಮಾನದಂಡ ಬೇಕು. ಅಮೆರಿಕದ ಪದ್ಧತಿಯಲ್ಲಿ ವಿಧೇಯತಾ ಪರೀಕ್ಷೆಗೆ ಒಟ್ಟು 200 ಅಂಕಗಳು. ಉತ್ತೀರ್ಣವಾಗಲು 170 ಅಂಕಗಳು ಬೇಕು. ಅಷ್ಟೇ ಸಾಲದು, ಪ್ರತಿಯೊಂದು ವಿಭಾಗದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಅಂಕ ಗಳಿಸಿರಬೇಕು. ಒಂದರಲ್ಲಿ ಪೂರ್ಣ ಅಂಕ ಗಳಿಸಿ ಇನ್ನೊಂದರ ಲೋಪವನ್ನು ಮುಚ್ಚಿಕೊಳ್ಳಲು ಅವಕಾಶವಿಲ್ಲ. ಹೀಗೆ ಮೂರು ಬಾರಿ ಉತ್ತೀರ್ಣವಾದ ನಾಯಿಗೆ ಮಾತ್ರ ಮೊದಲ ಹಂತದ ಬಿರುದು ದೊರೆಯುತ್ತದೆ. ಒಂದು ದಿನದ ಅದೃಷ್ಟಕ್ಕೆ ಬೆಲೆ ಇಲ್ಲ, ಸ್ಥಿರತೆಗೆ ಬೆಲೆ ಎಂಬುದು ಇದರ ತತ್ತ್ವ.

ಪ್ರಾರಂಭಿಕ ಹಂತದಲ್ಲಿ ನಾಯಿಯು ಒಡೆಯನ ಎಡಗಾಲಿನ ಪಕ್ಕದಲ್ಲಿ, ಹಗ್ಗ ಬಿಗಿಯದಂತೆ, ಅವನ ನಡಿಗೆಗೆ ಹೊಂದಿಕೊಂಡು ಸಾಗಬೇಕು. ಅನಂತರ ಹಗ್ಗವಿಲ್ಲದೆಯೂ ಹಾಗೆಯೇ ನಡೆಯಬೇಕು. ಅಪರಿಚಿತ ತೀರ್ಪುಗಾರ ಮೈಮುಟ್ಟಿದಾಗ ಕದಲದೆ ನಿಲ್ಲಬೇಕು. ದೂರದಿಂದ ಕರೆದಾಗ ನೇರವಾಗಿ ಬಂದು ಒಡೆಯನ ಮುಂದೆ ಕೂರಬೇಕು. ಹೇಳಿದ ಸ್ಥಳದಲ್ಲಿ ಹೇಳಿದಷ್ಟು ಹೊತ್ತು ಕುಳಿತಿರಬೇಕು. ಮೇಲಿನ ಹಂತಗಳಲ್ಲಿ ಎಸೆದ ವಸ್ತುವನ್ನು ತಂದುಕೊಡುವುದು, ಓಡಿ ಬರುತ್ತಿರುವಾಗಲೇ ನಡುದಾರಿಯಲ್ಲಿ ಆಜ್ಞೆಗೆ ಮಲಗುವುದು, ಕೈಸನ್ನೆಯಿಂದಲೇ ಆಜ್ಞೆಗಳನ್ನು ಪಾಲಿಸುವುದು ಸೇರುತ್ತವೆ. ಲೋಹ, ಚರ್ಮ ಮುಂತಾದವುಗಳಿಂದ ಮಾಡಿದ ಒಂದೇ ಬಗೆಯ ವಸ್ತುಗಳ ರಾಶಿಯಿಂದ ಒಡೆಯನ ಕೈಯ ವಾಸನೆ ಇರುವ ಒಂದನ್ನು ಮಾತ್ರ ಆರಿಸಿ ತರುವ ಪರೀಕ್ಷೆ ಇವುಗಳಲ್ಲಿ ಅತ್ಯಂತ ಕಠಿಣವಾದುದು.

ಗೋದಾಮಿನ ಮಾಲೀಕನಿಗೆ ಕೊನೆಯ ಪರೀಕ್ಷೆ ಬೇಕಾಗಿಲ್ಲ. ಆದರೆ ಮೊದಲ ಹಂತದ ಪಾಠಗಳಲ್ಲಿ ಯಾವುದೂ ಅವನಿಗೆ ಅನಾವಶ್ಯಕವಲ್ಲ. ಲಾರಿಯಿಂದ ಸರಕು ಇಳಿಯುವಾಗ ಒಂದು ಮೂಲೆಯಲ್ಲಿ ಕುಳಿತಿರುವುದು, ಗೇಟು ತೆರೆದಾಗ ಬೀದಿಗೆ ನುಗ್ಗದೆ ಕರೆದ ಕೂಡಲೇ ಹಿಂದಿರುಗುವುದು, ಪಶುವೈದ್ಯರು ಮುಟ್ಟಿದಾಗ ಸುಮ್ಮನಿರುವುದು, ಇವು ಸ್ಪರ್ಧಾಕಣದ ವಿಷಯಗಳಾಗಿರುವಷ್ಟೇ ದಿನನಿತ್ಯದ ವಹಿವಾಟಿನ ವಿಷಯಗಳೂ ಹೌದು.

ದಂಡನೆಯಿಂದ ಬಹುಮಾನಕ್ಕೆ

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ತರಬೇತಿಯ ಮುಖ್ಯ ಸಾಧನ ಬಲಾತ್ಕಾರವಾಗಿತ್ತು. ಜರ್ಮನಿಯ ಪೊಲೀಸ್ ನಾಯಿಗಳ ತರಬೇತುದಾರ ಕೊನ್ರಾಡ್ ಮೋಸ್ಟ್ 1910ರಲ್ಲಿ ಪ್ರಕಟಿಸಿದ ಕೈಪಿಡಿ ಬಹುಕಾಲ ಆಧಾರಗ್ರಂಥವಾಗಿತ್ತು. ಕೊರಳಪಟ್ಟಿಯ ಜಗ್ಗಾಟ, ಗದರಿಕೆ, ಒತ್ತಡ ಇವು ಆ ಕಾಲದ ವಿಧಾನದ ಅಂಗಗಳು.

ಈ ಕ್ರಮವನ್ನು ಬದಲಿಸಿದ್ದು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಸಂಶೋಧನೆ. ಯಾವ ವರ್ತನೆಯ ಫಲವಾಗಿ ಪ್ರಾಣಿಗೆ ಲಾಭ ದೊರೆಯುತ್ತದೆಯೋ ಆ ವರ್ತನೆ ಮರುಕಳಿಸುತ್ತದೆ ಎಂಬುದು ಅದರ ಸಾರ. ಅವರ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೀಲ್ಯಾಂಡ್ ದಂಪತಿಗಳು ಈ ತತ್ತ್ವವನ್ನು ಪ್ರಯೋಗಶಾಲೆಯಿಂದ ಮಾರುಕಟ್ಟೆಗೆ ತಂದರು. 1947ರಲ್ಲಿ ಅವರು ಪ್ರಾಣಿ ತರಬೇತಿಯ ಸಂಸ್ಥೆಯೊಂದನ್ನು ಆರಂಭಿಸಿದರು. ಅವರ ಮೊದಲ ದೊಡ್ಡ ಗಿರಾಕಿ ಜನರಲ್ ಮಿಲ್ಸ್ ಎಂಬ ಆಹಾರ ಹಾಗೂ ಪಶು ಆಹಾರ ತಯಾರಕ ಸಂಸ್ಥೆ. ರೈತರ ಮೇಳಗಳಲ್ಲಿ ತರಬೇತಾದ ಕೋಳಿಗಳ ಆಟ ತೋರಿಸಿ ಪಶು ಆಹಾರಕ್ಕೆ ಪ್ರಚಾರ ನೀಡಲಾಯಿತು. ಕೋಳಿಯ ಕೊರಳಿಗೆ ಸರಪಳಿ ಹಾಕಿ ಜಗ್ಗಿ ಏನನ್ನೂ ಕಲಿಸಲಾಗದು. ಕಾಳು ಕೊಟ್ಟು ಕಲಿಸಬಹುದು. ಕೋಳಿಗೆ ಸಾಧ್ಯವಾದುದು ನಾಯಿಗೆ ಇನ್ನೂ ಸುಲಭ. 1984ರಲ್ಲಿ ಕ್ಯಾರೆನ್ ಪ್ರಯರ್ ಅವರು ಬರೆದ ‘ಡೋಂಟ್ ಶೂಟ್ ದ ಡಾಗ್’ ಎಂಬ ಪುಸ್ತಕದಿಂದ ಈ ವಿಧಾನ ಜನಸಾಮಾನ್ಯರನ್ನೂ ತಲುಪಿತು.

ವಿಧಾನದ ತಿರುಳು ಸಮಯಪಾಲನೆ. ನಾಯಿ ಸರಿಯಾದ ಕೆಲಸ ಮಾಡಿದ ಕ್ಷಣಕ್ಕೂ ಬಹುಮಾನಕ್ಕೂ ನಡುವೆ ಅಂತರ ಹೆಚ್ಚಿದಷ್ಟೂ ಯಾವ ಕೆಲಸಕ್ಕೆ ಬಹುಮಾನ ಬಂದಿತೆಂಬುದು ಅದಕ್ಕೆ ತಿಳಿಯುವುದಿಲ್ಲ. ದೂರದಲ್ಲಿರುವ ನಾಯಿಗೆ ಆ ಕ್ಷಣದಲ್ಲಿಯೇ ತಿನಿಸು ತಲುಪಿಸುವುದು ಅಸಾಧ್ಯ. ಆದುದರಿಂದ ‘ಟಿಕ್’ ಎಂದು ಸದ್ದು ಮಾಡುವ ಕ್ಲಿಕ್ಕರ್ ಎಂಬ ಪುಟ್ಟ ಸಾಧನವನ್ನು ಅಥವಾ ‘ಶಾಭಾಷ್’ ಎಂಬಂತಹ ಒಂದೇ ಪದವನ್ನು ಸೂಚನೆಯಾಗಿ ಬಳಸಲಾಗುತ್ತದೆ. ಸದ್ದಿನ ಬೆನ್ನಲ್ಲೇ ತಿನಿಸು ಬರುತ್ತದೆಂಬುದನ್ನು ಮೊದಲು ಕಲಿಸಿದರೆ, ಆ ಸದ್ದೇ ರಸೀದಿಯಂತೆ ಕೆಲಸ ಮಾಡುತ್ತದೆ; ಹಣ ಸಂದಾಯ ಸ್ವಲ್ಪ ತಡವಾದರೂ ಲೆಕ್ಕ ತಪ್ಪುವುದಿಲ್ಲ.

ಒಂದು ಪಾಠದ ಕ್ರಮ

ಕೂರುವುದನ್ನು ಕಲಿಸುವ ಬಗೆಯನ್ನು ಉದಾಹರಣೆಯಾಗಿ ನೋಡಬಹುದು. ತಿನಿಸಿನ ತುಣುಕನ್ನು ನಾಯಿಯ ಮೂಗಿನ ಬಳಿ ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ, ಹಿಂದಕ್ಕೆ ಒಯ್ದರೆ ಅದರ ಮೂಗು ಮೇಲೇರಿ ಹಿಂಭಾಗ ತಾನಾಗಿಯೇ ನೆಲಕ್ಕೆ ತಾಗುತ್ತದೆ. ಆ ಕ್ಷಣದಲ್ಲಿಯೇ ಸೂಚನೆಯ ಸದ್ದು, ಅನಂತರ ತಿನಿಸು. ಹಲವು ಬಾರಿ ಹೀಗೆ ಮಾಡಿದ ಮೇಲೆ ತಿನಿಸಿಲ್ಲದ ಬರಿಗೈಯಿಂದ ಅದೇ ಸನ್ನೆ ಮಾಡಬೇಕು. ನಾಯಿ ಕುಳಿತರೆ ತಿನಿಸನ್ನು ಇನ್ನೊಂದು ಕೈಯಿಂದ ಕೊಡಬೇಕು. ನಾಯಿ ಖಚಿತವಾಗಿ ಕೂರುತ್ತದೆಂದು ತಿಳಿದ ಮೇಲಷ್ಟೇ ‘ಕೂರು’ ಎಂಬ ಪದವನ್ನು ಸೇರಿಸಬೇಕು. ಮೊದಲು ಕೆಲಸ, ಅನಂತರ ಹೆಸರು. ಬಹುತೇಕ ಜನರು ಇದನ್ನು ತಿರುಗು ಮುರುಗು ಮಾಡಿ, ಅರ್ಥವಾಗದ ನಾಯಿಯ ಮುಂದೆ ಒಂದೇ ಪದವನ್ನು ಹತ್ತು ಸಲ ಕೂಗುತ್ತಾರೆ. ಹತ್ತನೆಯ ಸಲಕ್ಕೆ ಕುಳಿತರೆ ಸಾಕೆಂಬುದನ್ನು ನಾಯಿ ಕಲಿಯುತ್ತದೆ.

ಪಾಠ ಬಂದ ಬಳಿಕ ಅದನ್ನು ಮೂರು ದಿಕ್ಕಿನಲ್ಲಿ ಬೆಳೆಸಬೇಕು: ಅವಧಿ, ದೂರ ಮತ್ತು ಗದ್ದಲ. ಇವುಗಳಲ್ಲಿ ಒಂದನ್ನು ಹೆಚ್ಚಿಸುವಾಗ ಉಳಿದೆರಡನ್ನು ತಗ್ಗಿಸಬೇಕು. ಮನೆಯ ಅಂಗಳದಲ್ಲಿ ಚೆನ್ನಾಗಿ ಕೂರುವ ನಾಯಿ ಲಾರಿಯ ಸದ್ದಿನ ನಡುವೆ ಕೂರದಿದ್ದರೆ ಅದು ಮೊಂಡುತನವಲ್ಲ. ಆ ಪರಿಸ್ಥಿತಿಯಲ್ಲಿ ಅದಕ್ಕೆ ಪಾಠವಾಗಿಲ್ಲ ಎಂದರ್ಥ. ಪಾಠದ ಅವಧಿ ಒಂದು ಬಾರಿಗೆ 5ರಿಂದ 10 ನಿಮಿಷ ಸಾಕು. ದಿನಕ್ಕೆ ಎರಡು ಮೂರು ಬಾರಿ ನಡೆಸಬಹುದು. ಪಾಠ ದೃಢವಾದ ಮೇಲೆ ಪ್ರತಿ ಸಲವೂ ತಿನಿಸು ಕೊಡದೆ ಆಗಾಗ ಮಾತ್ರ ಕೊಡುವುದರಿಂದ ಅಭ್ಯಾಸ ಗಟ್ಟಿಯಾಗುತ್ತದೆ.

‘ಬಾ’ ಎಂಬ ಆಜ್ಞೆಗೆ ಸಂಬಂಧಿಸಿದಂತೆ ಒಂದು ಎಚ್ಚರಿಕೆ ಅವಶ್ಯ. ಓಡಿಹೋಗಿದ್ದ ನಾಯಿ ಕರೆದಾಗ ಹಿಂದಿರುಗಿ ಬಂದರೆ ಅದನ್ನು ಹೊಡೆಯುವುದು ಸಾಮಾನ್ಯ ತಪ್ಪು. ಒಡೆಯನ ಎಣಿಕೆಯಲ್ಲಿ ಶಿಕ್ಷೆ ಓಡಿಹೋದುದಕ್ಕೆ. ನಾಯಿಯ ಎಣಿಕೆಯಲ್ಲಿ ಅದು ಹಿಂದಿರುಗಿ ಬಂದುದಕ್ಕೆ. ಮುಂದಿನ ಸಲ ಅದು ಬರುವುದಿಲ್ಲ. ಎಷ್ಟೇ ತಡವಾಗಿ ಬಂದರೂ ಬಂದ ನಾಯಿಗೆ ಒಳ್ಳೆಯದೇ ಆಗಬೇಕು.

ಆಜ್ಞೆಗಳು ಯಾವ ಭಾಷೆಯಲ್ಲಿರಬೇಕೆಂಬ ಪ್ರಶ್ನೆ ಗೌಣ. ಕನ್ನಡದಲ್ಲಿಯೇ ಇರಬಹುದು. ಆದರೆ ಮಾಲೀಕ, ಮ್ಯಾನೇಜರ್ ಮತ್ತು ರಾತ್ರಿಯ ಕಾವಲುಗಾರ ಮೂವರೂ ಒಂದೇ ಪದವನ್ನು ಒಂದೇ ಅರ್ಥದಲ್ಲಿ ಬಳಸಬೇಕು. ಒಬ್ಬ ‘ಕೂರು’ ಎಂದು, ಇನ್ನೊಬ್ಬ ‘ಸಿಟ್’ ಎಂದು, ಮತ್ತೊಬ್ಬ ‘ಬೈಠೋ’ ಎಂದರೆ ನಾಯಿಗೆ ಮೂವರ ಮಾತೂ ಬೇಡವಾಗುತ್ತದೆ. ಹೀಗಾಗಿ ತರಬೇತಿ ಎಂದರೆ ನಾಯಿಯೊಂದರ ತರಬೇತಿಯಲ್ಲ; ಅದರೊಡನೆ ದಿನವಿಡೀ ಇರುವ ಕೆಲಸಗಾರರ ತರಬೇತಿ ಕೂಡ.

ಮರಿಯ ವಯಸ್ಸು ಸಹ ಮುಖ್ಯ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಹಲವು ವರ್ಷ ನಡೆಸಿ 1965ರಲ್ಲಿ ಪ್ರಕಟಿಸಿದ ಅಧ್ಯಯನವು, ಸುಮಾರು 3ರಿಂದ 12 ವಾರಗಳ ನಡುವಿನ ಅವಧಿಯಲ್ಲಿ ಮರಿಯು ಮನುಷ್ಯರನ್ನು ಮತ್ತು ಹೊಸ ಪರಿಸರವನ್ನು ಸಹಜವಾಗಿ ಸ್ವೀಕರಿಸುತ್ತದೆ ಎಂಬುದನ್ನು ತೋರಿಸಿತು. ಈ ಕಾಲದಲ್ಲಿ ಒಬ್ಬಂಟಿಯಾಗಿ ಕಟ್ಟಿಹಾಕಿದ ಮರಿ ಮುಂದೆ ಹೊಸ ಮುಖಗಳಿಗೆ ಹೆದರುವ ನಾಯಿಯಾಗುತ್ತದೆ. ಹೆದರಿದ ನಾಯಿಯೇ ಹೆಚ್ಚಾಗಿ ಕಚ್ಚುವ ನಾಯಿ.

ಕಾವಲು ತರಬೇತಿ: ಕಚ್ಚುವ ಮುನ್ನ ಬಿಡುವ ಪಾಠ

ಕಾವಲು ಮತ್ತು ರಕ್ಷಣೆಯ ಕ್ರೀಡೆಗೆ ಜರ್ಮನಿ ತವರು. ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೈನ್ಯಾಧಿಕಾರಿ 1899ರಲ್ಲಿ ಜರ್ಮನ್ ಶೆಫರ್ಡ್ ತಳಿಯ ಸಂಘವನ್ನು ಸ್ಥಾಪಿಸಿದನು. ರೂಪಕ್ಕಿಂತ ದುಡಿಮೆಯ ಗುಣ ಮುಖ್ಯವೆಂಬ ಅವನ ನಿಲುವಿನಿಂದ ತಳಿಯ ಯೋಗ್ಯತೆಯನ್ನು ಪರೀಕ್ಷಿಸುವ ಸ್ಪರ್ಧೆಗಳು ಹುಟ್ಟಿದವು. ಬಹುಕಾಲ ‘ಶುಟ್ಸ್‌ಹುಂಡ್’ ಎಂದು ಹೆಸರಾಗಿದ್ದ ಈ ಕ್ರೀಡೆ 2019ರಿಂದ ಅಂತರರಾಷ್ಟ್ರೀಯವಾಗಿ ‘ಐಜಿಪಿ’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಹೆಜ್ಜೆಯ ವಾಸನೆ ಹಿಡಿದು ಸಾಗುವುದು, ವಿಧೇಯತೆ ಮತ್ತು ರಕ್ಷಣೆ ಎಂಬ ಮೂರು ವಿಭಾಗಗಳಿಗೆ ತಲಾ 100ರಂತೆ ಒಟ್ಟು 300 ಅಂಕಗಳು. ಪ್ರತಿ ವಿಭಾಗದಲ್ಲಿ ಕನಿಷ್ಠ 70 ಅಂಕ ಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಪರೀಕ್ಷೆಗಳಿಗೆ ಬರುವ ಮುನ್ನ ನಾಯಿಯು ಸಾರ್ವಜನಿಕ ಸ್ಥಳದಲ್ಲಿ ಸಭ್ಯವಾಗಿ ವರ್ತಿಸುತ್ತದೆಂಬುದನ್ನು ಸಿದ್ಧಪಡಿಸುವ ಪ್ರತ್ಯೇಕ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಸೈಕಲ್ ಸವಾರರು, ಓಡುವವರು, ಜನರ ಗುಂಪು ಎದುರಾದಾಗ ಅದು ಶಾಂತವಾಗಿರಬೇಕು. ರಕ್ಷಣಾ ವಿಭಾಗದಲ್ಲಿಯೂ ಒಂದೇ ಆಜ್ಞೆಗೆ ಹಿಡಿತ ಬಿಡುವುದು ನಿರ್ಣಾಯಕ. ಬಿಡದ ನಾಯಿ ಎಷ್ಟೇ ಧೈರ್ಯಶಾಲಿಯಾಗಿದ್ದರೂ ಅನರ್ಹ. ಊರುಗಳಲ್ಲಿ ‘ಅಟ್ಯಾಕ್ ಟ್ರೈನಿಂಗ್’ ಎಂಬ ಹೆಸರಿನಲ್ಲಿ ಕೆಲವರು ನಾಯಿಯನ್ನು ಕೆರಳಿಸಿ ಕಚ್ಚುವಂತೆ ಮಾಡುವುದುಂಟು. ಅದು ಈ ಕ್ರಮದ ನಕಲೂ ಅಲ್ಲ. ವಿಧೇಯತೆಯ ತಳಪಾಯವಿಲ್ಲದೆ ಆಕ್ರಮಣ ಕಲಿತ ನಾಯಿ ಬ್ರೇಕ್ ಇಲ್ಲದ ವಾಹನಕ್ಕೆ ಸಮಾನ. ಸಾಮಾನ್ಯ ಗೋದಾಮಿಗೆ ಬೇಕಾಗಿರುವುದು ಅಪರಿಚಿತರು ಬಂದಾಗ ಬೊಗಳಿ ಎಚ್ಚರಿಸಿ, ಕಾವಲುಗಾರ ಹೇಳಿದಾಗ ಸುಮ್ಮನಾಗುವ ನಾಯಿ ಮಾತ್ರ.

ಅಜಿಲಿಟಿ: ಕ್ರೀಡೆಯೂ ತಯಾರಿಕೆಯೂ

ಶ್ವಾನ ಕ್ರೀಡೆಗಳಲ್ಲಿ ಜನಪ್ರಿಯವಾದುದು ಅಜಿಲಿಟಿ, ಅಂದರೆ ಅಡೆತಡೆಗಳ ಓಟ. ಇದು ಬಿಡುವಿನ ಹೊತ್ತು ತುಂಬಲು ಹುಟ್ಟಿದ ಆಟ. 1978ರ ಕ್ರಫ್ಟ್ಸ್ ಪ್ರದರ್ಶನದಲ್ಲಿ ಎರಡು ಸ್ಪರ್ಧೆಗಳ ನಡುವಣ ಸಮಯದಲ್ಲಿ ಪ್ರೇಕ್ಷಕರನ್ನು ರಂಜಿಸುವ ಹೊಣೆ ಸಮಿತಿಯ ಸದಸ್ಯ ಜಾನ್ ವಾರ್ಲಿ ಅವರಿಗೆ ಬಂದಿತು. ಕುದುರೆಗಳ ಜಿಗಿತದ ಸ್ಪರ್ಧೆಯನ್ನು ಮಾದರಿಯಾಗಿಟ್ಟುಕೊಂಡು, ತರಬೇತುದಾರ ಪೀಟರ್ ಮೀನ್‌ವೆಲ್ ಅವರ ನೆರವಿನಿಂದ ಅವರು ಈ ಆಟವನ್ನು ರೂಪಿಸಿದರು. 1980ರಲ್ಲಿ ಅಲ್ಲಿನ ಕೆನೆಲ್ ಕ್ಲಬ್ ಇದಕ್ಕೆ ಮಾನ್ಯತೆ ನೀಡಿತು.

ಸ್ಪರ್ಧೆಯಲ್ಲಿ ಒಡೆಯನು ನಾಯಿಯ ಜೊತೆಯಲ್ಲಿ ಓಡುತ್ತ, ಅದನ್ನು ಮುಟ್ಟದೆ, ಮಾತು ಮತ್ತು ಸನ್ನೆಗಳಿಂದಲೇ ದಾರಿ ತೋರಿಸಬೇಕು. ಅಡ್ಡಪಟ್ಟಿ ಬೀಳಿಸಿದರೆ ಅಥವಾ ಏರಿಳಿತದ ಹಲಗೆಯ ಬಣ್ಣ ಬಳಿದ ತುದಿಯನ್ನು ಮೆಟ್ಟದೆ ಜಿಗಿದರೆ ಪ್ರತಿ ತಪ್ಪಿಗೆ 5 ಅಂಕಗಳ ದಂಡ. ತುದಿಯನ್ನು ಮೆಟ್ಟಬೇಕೆಂಬ ನಿಯಮ ನಾಯಿಯ ಮೈಗೆ ಪೆಟ್ಟಾಗದಿರಲೆಂದು ಮಾಡಿದುದು.

ಸಣ್ಣ ತಯಾರಕರಿಗೆ ಈ ಕ್ರೀಡೆಯ ಉಪಕರಣಗಳು ಆಸಕ್ತಿಯ ವಿಷಯ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ನಿಯಮಗಳಲ್ಲಿ ಪ್ರತಿಯೊಂದಕ್ಕೂ ಅಳತೆ ನಿಗದಿಯಾಗಿದೆ. ದೊಡ್ಡ ನಾಯಿಗಳ ಹರ್ಡಲ್ ಎತ್ತರ 55ರಿಂದ 60 ಸೆಂ.ಮೀ.; ಸಣ್ಣ ನಾಯಿಗಳಿಗೆ 25ರಿಂದ 30 ಸೆಂ.ಮೀ. ಛಾವಣಿಯಾಕಾರದ ಏರುಹಲಗೆಯ ತುದಿ ನೆಲದಿಂದ 1.70 ಮೀಟರ್. ನಾಯಿ ನಡೆಯುವ ಸೇತುವೆ ಸುಮಾರು 1.20ರಿಂದ 1.30 ಮೀಟರ್ ಎತ್ತರ, 30 ಸೆಂ.ಮೀ. ಅಗಲ. ಬಾಗಿಸಬಹುದಾದ ಸುರಂಗದ ವ್ಯಾಸ 60 ಸೆಂ.ಮೀ. ಅಂಕುಡೊಂಕಾಗಿ ದಾಟಬೇಕಾದ ಕಂಬಗಳು 12, ಅವುಗಳ ನಡುವಣ ಅಂತರ 60 ಸೆಂ.ಮೀ.

ಇವೆಲ್ಲ ಕೊಳವೆ, ಪ್ಲೈವುಡ್, ಅಲ್ಯೂಮಿನಿಯಂ, ರಬ್ಬರ್ ಹಾಳೆ, ಪಿವಿಸಿ ಬಟ್ಟೆಗಳಿಂದ ಸಾಧಾರಣ ಫ್ಯಾಬ್ರಿಕೇಷನ್ ಘಟಕದಲ್ಲಿ ತಯಾರಿಸಬಹುದಾದ ವಸ್ತುಗಳು. ಆದರೆ ಇಲ್ಲಿ ಸುರಕ್ಷತೆಯೇ ಗುಣಮಟ್ಟ. ಹರ್ಡಲ್‌ನ ಪಟ್ಟಿ ನಾಯಿಯ ಕಾಲು ತಗುಲಿದೊಡನೆ ಬೀಳುವಂತಿರಬೇಕು. ಬಿಗಿಯಾಗಿ ಜೋಡಿಸಿದ ಪಟ್ಟಿ ಕಾಲು ಮುರಿಯುತ್ತದೆ. ಹಲಗೆಯ ಮೇಲ್ಮೈ ಮಳೆಯಲ್ಲಿಯೂ ಜಾರಬಾರದು. ಬೆಸುಗೆಯ ಮೊನೆ, ಬೋಲ್ಟಿನ ತುದಿ ಹೊರಚಾಚಿರಬಾರದು. ಸುರಂಗ ಅಲುಗದಂತೆ ಭಾರದ ಚೀಲಗಳಿಂದ ಬಂಧಿಸುವ ವ್ಯವಸ್ಥೆ ಇರಬೇಕು. ಏತದಂತೆ ಮೇಲೆ ಕೆಳಗೆ ಆಡುವ ಹಲಗೆ ಹಗುರವಾದ ನಾಯಿಗೂ ಇಳಿಯಬೇಕು, ಭಾರವಾದ ನಾಯಿಗೆ ಧಡಾರನೆ ಬಡಿಯಬಾರದು. ನಿಯಮಾವಳಿ ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಬೇಡಿಕೆ ಸ್ವೀಕರಿಸುವ ಮುನ್ನ ಚಾಲ್ತಿಯಲ್ಲಿರುವ ಪ್ರತಿಯನ್ನು ತರಿಸಿಕೊಂಡು ಅಳತೆಗಳನ್ನು ತಾಳೆ ನೋಡುವುದು ಲೇಸು.

ಮುಧೋಳ ತಳಿಯ ವಿಚಾರ

ಕರ್ನಾಟಕದ ಹೆಮ್ಮೆಯ ತಳಿ ಮುಧೋಳ ನಾಯಿ. ಹಿಂದಿನ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಪೋಷಣೆಯಲ್ಲಿ ಬೆಳೆದ ಈ ಬೇಟೆ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಭಾರತೀಯ ಅಂಚೆ ಇಲಾಖೆ 2005ರಲ್ಲಿ ಹೊರತಂದಿತು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಭಾರತೀಯ ಸೇನೆಯು ಈ ತಳಿಯ ಮರಿಗಳನ್ನು ಮೀರತ್ತಿನ ತನ್ನ ತರಬೇತಿ ಕೇಂದ್ರಕ್ಕೆ ಒಯ್ದಿತು.

ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನು ನೆಚ್ಚಿ ಬೇಟೆಯಾಡುವ ಜಾತಿಗೆ ಸೇರಿದುದು. ಓಡುವ ಪ್ರಾಣಿಯನ್ನು ಕಂಡೊಡನೆ ಬೆನ್ನಟ್ಟುವುದು ಅದರ ಹುಟ್ಟುಗುಣ. ಆದುದರಿಂದ ಕರೆದಾಗ ಹಿಂದಿರುಗುವ ಪಾಠವನ್ನು ಬೇಲಿ ಹಾಕಿದ ಸ್ಥಳದಲ್ಲಿ, ಉದ್ದನೆಯ ಹಗ್ಗದ ಆಸರೆಯಲ್ಲಿ, ತಾಳ್ಮೆಯಿಂದ ಕಲಿಸಬೇಕು. ಒಂದೇ ಅಭ್ಯಾಸವನ್ನು ಮೇಲಿಂದ ಮೇಲೆ ಮಾಡಿಸಿದರೆ ಅದು ಬೇಸರಗೊಳ್ಳುತ್ತದೆ. ದಿನವೂ ಓಡಲು ಜಾಗವಿಲ್ಲದ ಇಕ್ಕಟ್ಟಾದ ಅಂಗಳಕ್ಕೆ ಈ ತಳಿಯನ್ನು ತಂದು ಸರಪಳಿಗೆ ಕಟ್ಟುವುದು ತಳಿಗೂ ಹಣಕ್ಕೂ ಮಾಡುವ ಅನ್ಯಾಯ. ಯಾವುದೇ ತಳಿಯನ್ನು ಆರಿಸುವಾಗ ಅದನ್ನು ಯಾವ ಕೆಲಸಕ್ಕಾಗಿ ಬೆಳೆಸಲಾಗಿತ್ತು ಎಂಬುದನ್ನು ವಿಚಾರಿಸಬೇಕು.

ಕಾನೂನಿನ ಹೊಣೆ

ನಾಯಿಯನ್ನು ಸ್ವಾಧೀನದಲ್ಲಿಟ್ಟುಕೊಂಡವನು ಅದರಿಂದ ಮನುಷ್ಯರ ಪ್ರಾಣಕ್ಕೆ ಅಪಾಯ ಅಥವಾ ತೀವ್ರ ಗಾಯವಾಗದಂತೆ ತಕ್ಕ ಎಚ್ಚರ ವಹಿಸದಿದ್ದರೆ ಅದು ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದಂತೆ ಇದಕ್ಕೆ 6 ತಿಂಗಳವರೆಗಿನ ಕಾರಾಗೃಹ ವಾಸ, ಅಥವಾ 5,000 ರೂಪಾಯಿಗಳವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು. ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕವೊಂದರಿಂದಲೇ ಈ ಹೊಣೆ ತೀರುವುದಿಲ್ಲ.

1960ರ ಪ್ರಾಣಿ ಹಿಂಸಾ ನಿವಾರಣಾ ಅಧಿನಿಯಮದ 11ನೆಯ ಪ್ರಕರಣವು ಗೋದಾಮಿನ ಮಾಲೀಕರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಪ್ರಾಣಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರವಾದ ಸರಪಳಿಯಲ್ಲಿ ಅನುಚಿತ ಅವಧಿಯವರೆಗೆ ಕಟ್ಟಿಹಾಕುವುದು, ಮತ್ತು ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ನೀಡದಿರುವುದು ಅದರಂತೆ ಕ್ರೌರ್ಯವೆನಿಸುತ್ತದೆ. 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳಂತೆ ತಳಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರವು ರಾಟ್‌ವೀಲರ್ ಸೇರಿದಂತೆ 23 ಬಗೆಯ ತಳಿಗಳನ್ನು ನಿರ್ಬಂಧಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತ್ತು. ಸಂಬಂಧಪಟ್ಟವರ ಅಹವಾಲು ಕೇಳಿರಲಿಲ್ಲವೆಂಬ ಕಾರಣದಿಂದ ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ವರ್ಷದ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಸ್ಥಳೀಯ ಸಂಸ್ಥೆಯ ಪರವಾನಗಿ ಹಾಗೂ ರೇಬೀಸ್ ಲಸಿಕೆಯ ದಾಖಲೆಗಳನ್ನು ವ್ಯವಹಾರದ ಇತರ ಕಾಗದಪತ್ರಗಳ ಜೊತೆಯಲ್ಲಿಯೇ ಇಟ್ಟುಕೊಳ್ಳುವುದು ವಿವೇಕ.

ತರಬೇತುದಾರನನ್ನು ಆರಿಸುವಾಗ

ತರಬೇತಿಯೂ ಕೊಳ್ಳುವ ಸೇವೆಯಾದುದರಿಂದ ಇತರ ಖರೀದಿಯ ಎಚ್ಚರ ಇಲ್ಲಿಯೂ ಬೇಕು. ತರಬೇತುದಾರ ಪಾಠ ನಡೆಸುವುದನ್ನು ಮೊದಲು ಕಣ್ಣಾರೆ ನೋಡಬೇಕು. ನಾಯಿ ಬಾಲ ಅಡಗಿಸಿ, ಮೈ ಕುಗ್ಗಿಸಿ ಕೆಲಸ ಮಾಡುತ್ತಿದ್ದರೆ ಅಲ್ಲಿ ಹೆದರಿಕೆಯಿದೆ, ಕಲಿಕೆಯಿಲ್ಲ. ನಾಯಿಯನ್ನು ತಿಂಗಳುಗಟ್ಟಲೆ ತನ್ನ ಬಳಿ ಇಟ್ಟುಕೊಂಡು ತರಬೇತಿ ಮುಗಿಸಿ ಒಪ್ಪಿಸುತ್ತೇನೆನ್ನುವವನಿಗಿಂತ, ಕಾರ್ಖಾನೆಗೇ ಬಂದು ಕಾವಲುಗಾರನ ಕೈಯಿಂದಲೇ ಪಾಠ ಮಾಡಿಸುವವನು ಉಪಯುಕ್ತ. ತರಬೇತುದಾರನ ಮಾತು ಕೇಳಿ ಒಡೆಯನ ಮಾತು ಕೇಳದ ನಾಯಿಯಿಂದ ಪ್ರಯೋಜನವಿಲ್ಲ.

ಏನು ಕಲಿಸಲಾಗುವುದೆಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ‘ಪೂರ್ಣ ತರಬೇತಿ’ ಎಂಬುದಕ್ಕೆ ಅರ್ಥವಿಲ್ಲ. ‘ಗೇಟು ತೆರೆದಿರುವಾಗ, ಹಗ್ಗವಿಲ್ಲದೆ, ಒಂದೇ ಆಜ್ಞೆಗೆ 3 ನಿಮಿಷ ಕುಳಿತಿರಬೇಕು’ ಎಂಬುದಕ್ಕೆ ಅರ್ಥವಿದೆ. ಅದನ್ನು ಪರೀಕ್ಷಿಸಿ ಹಣ ಪಾವತಿ ಮಾಡಬಹುದು. ಶುಲ್ಕವನ್ನು ಹಂತ ಹಂತವಾಗಿ ನೀಡುವುದು ಇಬ್ಬರಿಗೂ ಕ್ಷೇಮ. ಚೆನ್ನೈನಲ್ಲಿ ಕೇಂದ್ರ ಕಚೇರಿ ಇರುವ ಕೆನೆಲ್ ಕ್ಲಬ್ ಆಫ್ ಇಂಡಿಯಾಕ್ಕೆ ಸೇರಿದ ಸಂಘಗಳು ನಡೆಸುವ ಪ್ರದರ್ಶನಗಳಿಗೆ ಭೇಟಿ ನೀಡಿದರೆ ಒಳ್ಳೆಯ ತರಬೇತುದಾರರ ಪರಿಚಯವಾಗುತ್ತದೆ.

ಲೆಕ್ಕ ಬರೆಯುವಾಗ ನಾಯಿಯ ಬೆಲೆ, ಆಹಾರ, ಲಸಿಕೆ ಇವು ಖರ್ಚಿನ ಬಾಬಿನಲ್ಲಿ ಎದ್ದು ಕಾಣುತ್ತವೆ. ತರಬೇತಿಯಿಲ್ಲದ ನಾಯಿ ಒಂದು ಸಲ ಕಚ್ಚಿದರೆ ಬರುವ ಆಸ್ಪತ್ರೆಯ ವೆಚ್ಚ, ಪರಿಹಾರ, ಪೊಲೀಸ್ ಠಾಣೆಯ ಅಲೆದಾಟ, ಕೆಲಸ ಬಿಟ್ಟುಹೋಗುವ ಹಮಾಲರು ಇವು ಯಾವ ಬಾಬಿನಲ್ಲಿಯೂ ಮೊದಲೇ ಕಾಣುವುದಿಲ್ಲ. ದಿನಕ್ಕೆ ಕಾಲು ಗಂಟೆಯ ಪಾಠ, ಬೆಳಿಗ್ಗೆ ಸಂಜೆಯ ನಡಿಗೆ ಮತ್ತು ಎಲ್ಲರ ಬಾಯಲ್ಲೂ ಒಂದೇ ಆಜ್ಞೆ, ಇಷ್ಟರಿಂದ ಈ ನಷ್ಟದ ಬಹುಭಾಗ ತಪ್ಪುತ್ತದೆ. ಇಷ್ಟನ್ನು ಒದಗಿಸಲು ಸಮಯವಿಲ್ಲದ ಉದ್ಯಮಿಯು ನಾಯಿಯ ಬದಲು ಒಳ್ಳೆಯ ಬೀಗ ಮತ್ತು ಇನ್ನೊಬ್ಬ ಕಾವಲುಗಾರನಿಗೆ ಹಣ ವಿನಿಯೋಗಿಸುವುದೇ ಲಾಭಕರ.